ಉರಿಯುವ ಗ್ಯಾಸ್, ಮುಚ್ಚಿದ ಬಚ್ಚಲುಮನೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಎಷ್ಟೋ ಮನೆಗಳಿಗೆ ಈಗ ಅಡುಗೆ ಗ್ಯಾಸ್ ಪೈಪಿನಲ್ಲೇ ಬರುತ್ತಿದೆ. ಇದು ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್. ಒಂದು ಇಂಗಾಲ, ಅದಕ್ಕೆ ಅಂಟಿದ ನಾಲ್ಕು ಹೈಡ್ರೋಜನ್, ಅಷ್ಟೇ. ಉರಿದಾಗ ಇಂಗಾಲವು ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹೈಡ್ರೋಜನ್ ನೀರಾಗುತ್ತದೆ. ಹೌದು, ನೀರೇ! ತಣ್ಣೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟ ಕೂಡಲೇ ಅದರ ಹೊರಮೈ ಬೆವರುವುದನ್ನು ನೋಡಿರುತ್ತೀರಿ, ಅಲ್ವಾ? ಪಾತ್ರೆ ಸೋರುತ್ತಿರುವುದಲ್ಲ ಅದು. ಉರಿಯಲ್ಲಿ ಹುಟ್ಟಿದ ಆವಿ ತಣ್ಣನೆಯ ಲೋಹ ತಾಗಿ ಹನಿಯಾದದ್ದು.

1 ಕಿಲೋ ಮೀಥೇನ್ ಪೂರ್ತಿ ಉರಿದರೆ 2.25 ಕಿಲೋ ನೀರು, 2.75 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. 1 ಕಿಲೋ ಇದ್ದದ್ದು 5 ಕಿಲೋ ಆದದ್ದು ಹೇಗೆ? ಉಳಿದ 4 ಕಿಲೋ ಆಮ್ಲಜನಕ. ಅದು ನಿಮ್ಮ ಕೋಣೆಯ ಗಾಳಿಯಿಂದ ಹೋದದ್ದು.

ಈ ಲೆಕ್ಕವೇ ಬಚ್ಚಲುಮನೆಯಲ್ಲಿ ಜೀವ ತೆಗೆಯುತ್ತದೆ. ಪುಟ್ಟ ಬಚ್ಚಲು, ಒಳಗೇ ಗ್ಯಾಸ್ ಗೀಸರ್. ಚಳಿ ಅಂತ ಕಿಟಕಿ ಮುಚ್ಚಿದೆ, ಬಾಗಿಲಿಗೆ ಚಿಲಕ. ಸಿಲಿಂಡರ್ ಗ್ಯಾಸ್ ಆದರೂ ಕಥೆ ಇದೇ. ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿಯುತ್ತದೆ. ಎರಡು ಆಮ್ಲಜನಕ ಸಿಗಬೇಕಾದ ಇಂಗಾಲಕ್ಕೆ ಒಂದೇ ಸಿಗುತ್ತದೆ. ಅದೇ ಕಾರ್ಬನ್ ಮೊನಾಕ್ಸೈಡ್. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು. ಆಮೇಲೆ ಎಚ್ಚರವೇ ತಪ್ಪುತ್ತದೆ.

"ಗ್ಯಾಸ್ ಅಂದ್ರೆ ವಾಸನೆ ಬರುತ್ತಲ್ಲ" ಅಂತ ಬಹಳ ಜನ ಧೈರ್ಯವಾಗಿರುತ್ತಾರೆ. ನನಗೆ ಭಯ ಆಗುವುದು ಈ ಧೈರ್ಯ ಕಂಡೇ. ಮೀಥೇನಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಗಂಧಕ ಇರುವ ಘಾಟು ವಸ್ತುವನ್ನು ಬೆರೆಸಿರುತ್ತಾರೆ. ಉರಿಯಲ್ಲಿ ಅದೂ ಸುಟ್ಟುಹೋಗುತ್ತದೆ. ಉಳಿಯುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಒಲೆಯ ನೀಲಿ ಉರಿ ಹಳದಿಗೆ ತಿರುಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ ಅಂತಲೇ ಅರ್ಥ, ರಿಪೇರಿಯವರನ್ನು ಕರೆಸಿ.

ಯಾರಾದರೂ ಕುಸಿದು ಬಿದ್ದಿದ್ದರೆ ಬಾಗಿಲು ತೆರೆದು, ಗ್ಯಾಸ್ ಆಫ್ ಮಾಡಿ, ಅವರನ್ನು ಹೊರಗಿನ ಗಾಳಿಗೆ ತನ್ನಿ. 108ಕ್ಕೆ ಫೋನ್ ಮಾಡಿ. ಬೆರಳಿಗೆ ಹಾಕುವ ಮಾಮೂಲಿ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ರಕ್ತದಲ್ಲಿರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ.