ಹಳೆ ಕಂಟ್ರೋಲರ್ ಕಾರ್ಡ್‌ಗೆ 8 ಟಿಬಿ ಡಿಸ್ಕ್ ಹಾಕುವ ಮುಂಚೆ

ಮೇಜಿನ ಮೇಲೆ ಎರಡು ವಸ್ತು ಇವೆ. ಎಡಗಡೆ 8 ಟಿಬಿ ಸಾಟಾ ಹಾರ್ಡ್ ಡಿಸ್ಕ್. ಬಲಗಡೆ ಐಬಿಎಂ ಬಿಆರ್10ಐ, ಎಲ್‌ಎಸ್‌ಐ 1068ಇ ಚಿಪ್ ಇರುವ ಹಳೆ ಸ್ಯಾಸ್ ಕಾರ್ಡ್, ಅಂದರೆ ಡಿಸ್ಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಕಂಟ್ರೋಲರ್. ಸರ್ವರ್‌ಗಳಿಂದ ಬಿಚ್ಚಿ ಮಾರುವ ಇಂಥ ಕಾರ್ಡ್ ಎಂಟು ಡಿಸ್ಕ್ ಹಿಡಿಯುತ್ತೆ, ಬೆಲೆಯೂ ಕಮ್ಮಿ, ಹಾಗಾಗಿ ಮನೆಯಲ್ಲಿ ಸ್ಟೋರೇಜ್ ಸರ್ವರ್ ಕಟ್ಟುವವರ ಕಣ್ಣು ಇದರ ಮೇಲೆ ಬೀಳುತ್ತೆ. ಡಿಸ್ಕ್ ಜೋಡಿಸಿ ಆನ್ ಮಾಡಿದಾಗ ಏನು ಕಾಣಿಸುತ್ತೆ ನೋಡಿ: 2.2 ಟಿಬಿ. ಮಿಕ್ಕ 5.8 ಟಿಬಿ ಲೆಕ್ಕಕ್ಕೇ ಬಂದಿಲ್ಲ.

ಡಿಸ್ಕ್ ಕೆಟ್ಟಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ 512 ಬೈಟ್‌ಗೆ ಒಂದು ಸೆಕ್ಟರ್, ಪ್ರತಿ ಸೆಕ್ಟರ್‌ಗೂ ಒಂದು ನಂಬರ್. ಈ ಕಾರ್ಡ್ ಆ ನಂಬರ್ ಬರೆಯೋದಕ್ಕೆ 32 ಬಿಟ್ ಮಾತ್ರ ಇಟ್ಟುಕೊಂಡಿದೆ. 32 ಬಿಟ್‌ನಲ್ಲಿ 4,294,967,296 ನಂಬರ್ ಹಿಡಿಯುತ್ತೆ. ಅದನ್ನು 512ರಿಂದ ಗುಣಿಸಿ: 2,199,023,255,552 ಬೈಟ್, ಅದೇ 2.2 ಟಿಬಿ. ನಮ್ಮ 8 ಟಿಬಿ ಡಿಸ್ಕ್‌ನಲ್ಲಿರೋದು 15,628,053,168 ಸೆಕ್ಟರ್. ಡೆಲ್ ಪರ್ಕ್ 6/ಐ, ಸ್ಯಾಸ್ 6/ಐಆರ್ ಕಾರ್ಡ್‌ಗಳಿಗೂ ಇದೇ ಮಿತಿ. ಹೊಸ ಫರ್ಮ್‌ವೇರ್ (ಕಾರ್ಡ್ ಒಳಗೇ ಇರುವ ಸಾಫ್ಟ್‌ವೇರ್) ಹಾಕಿ ದಾಟೋಣ ಅಂತ ಸಮಯ ಕಳೆಯಬೇಡಿ, 1068ಇ ಮಟ್ಟಿಗೆ ಅದು ಆಗಲ್ಲ.

ಎಲ್ಲ ಕಡೆಯೂ 2.2 ಟಿಬಿ ಅಂತಲೇ ತೋರಿಸುತ್ತೆ ಅಂದುಕೊಳ್ಳಬೇಡಿ. ಕೆಲವು ಕಡೆ ಮೇಲಿನ ಬಿಟ್‌ಗಳನ್ನು ಕತ್ತರಿಸಿ ಮಿಕ್ಕಿದ್ದನ್ನಷ್ಟೇ ತೋರಿಸುತ್ತೆ. ವಿಂಡೋಸ್‌ನಲ್ಲಿ 3 ಟಿಬಿ ಡಿಸ್ಕ್ 746 ಜಿಬಿ ಅಂತ ಬಂದರೆ, 4 ಟಿಬಿ 1678 ಜಿಬಿ ಅಂತ ಬಂದರೆ, 8 ಟಿಬಿ 1308 ಜಿಬಿ ಅಂತ ಬಂದರೆ, ಕಾರಣ ಇದೇ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ 10.1ಕ್ಕಿಂತ ಹಳೆಯದಿದ್ದಾಗ 746 ಕಾಣಿಸುತ್ತಿತ್ತು. ಅಲ್ಲಿ ಹಾರ್ಡ್‌ವೇರ್ ಬದಲಿಸೋದು ಬೇಡ, ಡ್ರೈವರ್ ಹೊಸದು ಹಾಕಿದರೆ ಸಾಕು.

ಗಾತ್ರ ತಪ್ಪಾಗಿ ಕಂಡರೆ ನಿಮ್ಮ ಪುಣ್ಯ, ಮೊದಲೇ ಗೊತ್ತಾಯಿತು. ಹೆದರಬೇಕಾದ್ದು ಗಾತ್ರ ಸರಿಯಾಗಿ ತೋರಿಸಿ, ಬರೆಯುವಾಗ ಮಾತ್ರ ನಂಬರ್ ಕತ್ತರಿಸುವ ಜೋಡಣೆಗೆ. ಮನೆ ನಂಬರ್‌ನ ಕೊನೆಯ ನಾಲ್ಕೇ ಅಂಕಿ ಓದುವ ಅಂಚೆಯವರನ್ನು ಊಹಿಸಿಕೊಳ್ಳಿ: 10003ನೇ ಮನೆಯ ಕಾಗದ 3ನೇ ಮನೆಗೆ ಹೋಗುತ್ತೆ. ಡಿಸ್ಕ್ 2.2 ಟಿಬಿ ತುಂಬುವವರೆಗೂ ಎಲ್ಲ ಸರಿ ಇರುತ್ತೆ. ಅಲ್ಲಿಂದ ಮುಂದೆ ಬರೆದದ್ದೆಲ್ಲ ಡಿಸ್ಕ್‌ನ ಶುರುವಿಗೆ ಬಂದು ಬಿದ್ದು, ಡಿಸ್ಕ್‌ನ ಭಾಗಗಳ ಪಟ್ಟಿಯಾದ ಪಾರ್ಟಿಶನ್ ಟೇಬಲ್‌ನ ಮೇಲೇ ಕೂರುತ್ತೆ. ಸೆಕ್ಟರ್ ನಂಬರ್‌ಗೆ 28 ಬಿಟ್ ಇದ್ದ ಕಾಲದಲ್ಲಿ, 137 ಜಿಬಿ ಗಡಿಯಲ್ಲಿ, ಸರ್ವಿಸ್ ಪ್ಯಾಕ್ ಹಾಕದ ವಿಂಡೋಸ್ ಎಕ್ಸ್‌ಪಿಯಲ್ಲೂ ಡೇಟಾ ಹಾಳಾಗುವ ಅಪಾಯ ಇದ್ದದ್ದು ಈ ಕಾರಣಕ್ಕೇ.

ಅದಕ್ಕೇ ಡೇಟಾ ಹಾಕುವ ಮುಂಚೆ ಪರೀಕ್ಷೆ ಮಾಡಲೇಬೇಕು, ಖಾಲಿ ಡಿಸ್ಕ್ ಮೇಲೆ ಮಾತ್ರ. ಲಿನಕ್ಸ್‌ನಲ್ಲಿ, ಬೇಕಾದ ಸೆಕ್ಟರ್‌ಗೆ ನೇರವಾಗಿ ಬರೆಯುವ ಡಿಡಿ (dd) ಕಮಾಂಡ್‌ನಿಂದ, 0ನೇ ಸೆಕ್ಟರ್‌ನಲ್ಲಿ ಒಂದು ಗುರುತು ಬರೆಯಿರಿ. ಆಮೇಲೆ 4,294,967,296ನೇ ಸೆಕ್ಟರ್‌ನಲ್ಲಿ ಬೇರೆ ಗುರುತು. ಈಗ ಮತ್ತೆ 0ನೇ ಸೆಕ್ಟರ್ ಓದಿ. ಎರಡನೇ ಗುರುತು ಅಲ್ಲಿ ಕಂಡರೆ ಆ ಜೋಡಣೆಯನ್ನು ಬಿಟ್ಟುಬಿಡಿ. ಬರೆಯುವಾಗಲೂ ಓದುವಾಗಲೂ ಡೈರೆಕ್ಟ್ ಆಯ್ಕೆ ಮರೆಯಬೇಡಿ. ಇಲ್ಲದಿದ್ದರೆ ರ‍್ಯಾಮ್‌ನಲ್ಲಿರೋದನ್ನೇ ಓದಿ, ಎಲ್ಲ ಸರಿ ಇದೆ ಅಂತ ಮೋಸ ಹೋಗ್ತೀರಿ.

ಡಿಸ್ಕ್ ಪರೀಕ್ಷಿಸುವ ಬ್ಯಾಡ್‌ಬ್ಲಾಕ್ಸ್ ಪ್ರೋಗ್ರಾಂ ಓಡಿಸಿದ್ದೀನಲ್ಲ ಅನ್ನುವವರಿಗೆ ಒಂದು ಮಾತು. ಅದು ಡಿಸ್ಕ್ ಉದ್ದಕ್ಕೂ ಒಂದೇ ಪ್ಯಾಟರ್ನ್ ಬರೆಯುತ್ತೆ. ಸುತ್ತಿ ಬಂದು ಬಿದ್ದದ್ದೂ ಅದೇ ಪ್ಯಾಟರ್ನ್ ಆದ್ದರಿಂದ ಈ ದೋಷ ಅದರ ಕಣ್ಣಿಗೆ ಬೀಳಲ್ಲ. ಪೂರ್ತಿ ಪರೀಕ್ಷೆ ಬೇಕಿದ್ದರೆ ಎಫ್3 ಅನ್ನುವ ಪ್ರೋಗ್ರಾಂ ಬಳಸಿ, ಅದು ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಡೇಟಾ ಬರೆಯುತ್ತೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 8 ಟಿಬಿ ಬರೆಯೋಕೆ ಸುಮಾರು 15 ಗಂಟೆ, ಓದೋಕೆ ಮತ್ತೆ ಅಷ್ಟೇ. ತಡ ಆಗಲಿ, ಈ ಹೊತ್ತು ದಂಡ ಅಲ್ಲ.

ಪರಿಹಾರಕ್ಕೆ ಬರೋಣ. ಕಾರ್ಡ್ ಬದಲಿಸಿ. ಎಲ್‌ಎಸ್‌ಐ 2008 ಚಿಪ್ ಇರುವ 9211-8ಐ, ಐಬಿಎಂ ಎಂ1015, ಡೆಲ್ ಎಚ್200, ಇವು ಯಾವುದಾದರೂ ಆಗುತ್ತೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕಾರ್ಡ್‌ನ ಹೆಸರು ನಂಬಬೇಡಿ, ಚಿಪ್ ಕೇಳಿ. ಲಿನಕ್ಸ್‌ನ ಪಿಸಿಐ ಪಟ್ಟಿಯಲ್ಲಿ 1000:0058 ಅಂತ ಬಂದರೆ ಹಳೆ 1068ಇ, 1000:0072 ಅಂದರೆ 2008. ರೇಡ್ (ಹಲವು ಡಿಸ್ಕ್‌ಗಳನ್ನು ಕಾರ್ಡೇ ಒಂದಾಗಿ ಸೇರಿಸುವುದು) ಬೇಡದವರು, ಡಿಸ್ಕ್‌ಗಳನ್ನು ಇದ್ದಂತೆಯೇ ತೋರಿಸುವ ಐಟಿ ಮೋಡ್ ಫರ್ಮ್‌ವೇರ್ ಹಾಕಿ, ಆವೃತ್ತಿ 20.00.07.00. ಅದೇ 20ನೇ ಸರಣಿಯ ಮೊದಲ ಆವೃತ್ತಿಗಳಲ್ಲಿ ತೊಂದರೆ ಇತ್ತು, ಕೊನೆಯ 07 ನೋಡಿಯೇ ಹಾಕಿ. ಕಾರ್ಡ್‌ನ ಫ್ಲ್ಯಾಶ್ ಮೆಮೊರಿಯಲ್ಲಿರುವ ಹಳೆ ಫರ್ಮ್‌ವೇರ್ ಅಳಿಸಿದ ಮೇಲೆ, ಹೊಸದು ಬರೆಯುವ ತನಕ ಮಷೀನ್ ಆಫ್ ಮಾಡಬೇಡಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಕೇಬಲ್ ಕೊಳ್ಳುವಾಗ "ಫಾರ್ವರ್ಡ್ ಬ್ರೇಕ್‌ಔಟ್" ಅಂತ ಬಾಯಿಬಿಟ್ಟು ಕೇಳಿ, ಅದು ಕಾರ್ಡ್‌ನ ಒಂದು ಕನೆಕ್ಟರ್‌ನಿಂದ ನಾಲ್ಕು ಡಿಸ್ಕ್‌ಗೆ ಕವಲೊಡೆಯುವ ಕೇಬಲ್. ರಿವರ್ಸ್ ಕೇಬಲ್ ನೋಡೋಕೆ ಹಾಗೇ ಇರುತ್ತೆ, ಡಿಸ್ಕ್ ಮಾತ್ರ ಕಾಣಿಸಲ್ಲ. ಹೀಟ್‌ಸಿಂಕ್ ಸರ್ವರ್‌ನ ಜೋರು ಗಾಳಿಗೆ ಅಂತ ಮಾಡಿದ್ದು, ಮನೆಯ ಕ್ಯಾಬಿನೆಟ್‌ನಲ್ಲಿ ಅದರ ಮೇಲೆ ಒಂದು ಚಿಕ್ಕ ಫ್ಯಾನ್ ಕಟ್ಟಿ. ಡೆಲ್ ಕಾರ್ಡ್ ಹಾಕಿದ ಮೇಲೆ ಮಷೀನ್ ಬೂಟೇ ಆಗದಿದ್ದರೆ, ಕಾರ್ಡ್ ಅಂಚಿನ ಬಿ5, ಬಿ6 ಪಿನ್ ಮೇಲೆ ಟೇಪ್ ಅಂಟಿಸಿ ನೋಡಿ.

ಇಷ್ಟಾದರೂ ಡಿಸ್ಕ್ ತಿರುಗುವ ಸದ್ದೇ ಇಲ್ಲವೇ? ಪವರ್ ಕನೆಕ್ಟರ್ ನೋಡಿ. ಕೆಲವು ಹೊಸ ದೊಡ್ಡ ಡಿಸ್ಕ್‌ಗಳಲ್ಲಿ, ಅದರಲ್ಲೂ ಯುಎಸ್‌ಬಿ ಡಬ್ಬಿಯಿಂದ ತೆಗೆದವುಗಳಲ್ಲಿ, 3ನೇ ಪಿನ್‌ಗೆ ಕರೆಂಟ್ ಬಂದರೆ "ಆಫ್ ಆಗು" ಅಂತ ಅರ್ಥ. ಹಳೆ ಪವರ್ ಸಪ್ಲೈ ಅದೇ ಪಿನ್‌ಗೆ 3.3 ವೋಲ್ಟ್ ಕೊಡುತ್ತಲೇ ಇರುತ್ತೆ. ಡೇಟಾ ಕನೆಕ್ಟರ್ ಕಡೆಯಿಂದ ಎಣಿಸಿ, ಮೂರನೇ ಪಿನ್ ಮೇಲೆ ಕ್ಯಾಪ್ಟಾನ್ (Kapton) ಟೇಪ್, ಅಂದರೆ ಕರೆಂಟ್ ಹರಿಯದ ತೆಳು ಟೇಪ್ ಅಂಟಿಸಿ. ಹಳೆ ನಾಲ್ಕು ಪಿನ್‌ನ ಮೋಲೆಕ್ಸ್ ಪವರ್ ಕನೆಕ್ಟರ್‌ನಿಂದ ಸಾಟಾಗೆ ಬರುವ ಅಡಾಪ್ಟರ್ ಹಾಕಿದರೂ ನಡೆಯುತ್ತೆ, ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ಇಲ್ಲ. ಆದರೆ ಎರಕ ಹೊಯ್ದ ಪ್ಲಾಸ್ಟಿಕ್ ತುದಿಯ ಅಡಾಪ್ಟರ್ ಬೇಡವೇ ಬೇಡ, ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಿದ್ದುಂಟು. ವೈರ್ ಒಂದೊಂದಾಗಿ ಕಾಣುವ ಕ್ರಿಂಪ್ ಮಾಡಿದ್ದನ್ನೇ ತಗೊಳ್ಳಿ.

ಪಾರ್ಟಿಶನ್ ಟೇಬಲ್ ಜಿಪಿಟಿ ಅನ್ನುವ ಹೊಸ ಬಗೆಯದಾಗಿರಲಿ. ಹಳೆ ಬಗೆಯಾದ ಎಂಬಿಆರ್‌ಗೂ ಅದೇ 32 ಬಿಟ್ ಕಾಟ. ಬೂಟ್‌ಗೆ ಚಿಕ್ಕದೊಂದು ಎಸ್‌ಎಸ್‌ಡಿ ಇಟ್ಟರೆ, ಹಳೆ ಬಯೋಸ್‌ಗೆ ದೊಡ್ಡ ಡಿಸ್ಕ್ ಅರ್ಥವಾಗದಿದ್ದರೂ ಪರವಾಗಿಲ್ಲ. 32 ಬಿಟ್ ವಿಂಡೋಸ್ ಎಕ್ಸ್‌ಪಿ ಮಾತ್ರ ಜಿಪಿಟಿ ಓದಲ್ಲ.

ಈಗಾಗಲೇ 1068ಇ ಮೇಲೆ 2.2 ಟಿಬಿ ಅಂತ ಬಳಸುತ್ತಿರುವ ಜಿಪಿಟಿ ಡಿಸ್ಕ್ ಇದ್ದರೆ, ಹೊಸ ಕಾರ್ಡ್‌ಗೆ ಹಾಕಿದಾಗ "ಬ್ಯಾಕಪ್ ಟೇಬಲ್ ಕೊನೆಯಲ್ಲಿಲ್ಲ" ಅಂತ ಎಚ್ಚರಿಕೆ ಬರುತ್ತೆ. ಗಾಬರಿ ಬೇಡ. ಮೊದಲು ಡೇಟಾ ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಜಿಡಿಸ್ಕ್ ಅನ್ನುವ ಪಾರ್ಟಿಶನ್ ಪ್ರೋಗ್ರಾಂನ ಎಕ್ಸ್‌ಪರ್ಟ್ ಮೆನುವಿಗೆ ಹೋಗಿ ಇ ಒತ್ತಿದರೆ ಟೇಬಲ್ ಡಿಸ್ಕ್‌ನ ನಿಜವಾದ ಕೊನೆಗೆ ಸರಿಯುತ್ತೆ, ಡಬ್ಲ್ಯೂ ಒತ್ತಿ ಉಳಿಸಿ. ಪರ್ಕ್ 6/ಐನಂಥ ರೇಡ್ ಕಾರ್ಡ್‌ನಿಂದ ಬರುವ ಡಿಸ್ಕ್‌ಗೆ ಈ ದಾರಿ ಇಲ್ಲ. ಆ ಕಾರ್ಡ್ ಡಿಸ್ಕ್ ಮೇಲೆ ತನ್ನದೇ ಗುರುತು ಬರೆದಿಟ್ಟಿರುತ್ತೆ, ಹಳೆ ಕಾರ್ಡ್ ಕೆಲಸ ಮಾಡುತ್ತಿರುವಾಗಲೇ ಡೇಟಾ ಪೂರ್ತಿ ಇಳಿಸಿಕೊಂಡು ಹೊಸದಾಗಿ ಶುರು ಮಾಡಿ.