ಹೊಗೆಗೂಡಿನ ನೆತ್ತಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಕಟ್ಟಳೆಯ ದಿನ ಪತ್ತನಾಜೆ ಹತ್ತಿರ ಬಂತು. ಒಡೆದ ಹಂಚು ಬದಲಿಸಲು ಮಾಡಿಗೆ ಹತ್ತುವವರು ಹೊಗೆಗೂಡಿನ ನೆತ್ತಿಯನ್ನೂ, ಅಂದರೆ ಹೊಗೆ ಹೋಗುವ ಕೊಳವೆಯ ಸುತ್ತ ಗೂಡಿನ ತುದಿಯನ್ನು ಮುಚ್ಚಿದ ಪದರವನ್ನೂ ನೋಡಿ ಇಳಿಯಿರಿ. ಮಳೆಗಾಲದಲ್ಲಿ ಒಲೆಯ ಮೇಲಿನ ಗೋಡೆಯಲ್ಲಿ ಕಾಫಿ ಬಣ್ಣದ ನೀರು ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ.

ಕಟ್ಟುವಾಗ ಉಳಿದ ಗಾರೆಯನ್ನೇ ಅಲ್ಲಿ ಅರ್ಧ ಇಂಚು ಮೆತ್ತಿರುತ್ತಾರೆ. ಮೇಲೆ ಬಿಸಿಲು, ಒಳಗೆ ಹೊಗೆಯ ಕಾವು, ಸಂಜೆಗೆ ಮಳೆ. ಅದು ಬಿರಿಯದೆ ಇರುವುದಿಲ್ಲ. ಕರಣೆಯ ಹಿಡಿಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗಾರೆ ಕಲ್ಲನ್ನು ಬಿಟ್ಟಿದೆ. ಮೇಲಿಂದ ಸಿಮೆಂಟ್ ಹಾಲು ಬಳಿದು ಪ್ರಯೋಜನವಿಲ್ಲ, ಪೂರ್ತಿ ಕೀಳಬೇಕು. ಅದಕ್ಕೆ ಮೊದಲು ಒಲೆ ಆರಿಸಿ, ಕೊಳವೆಯ ಬಾಯಿಗೆ ಗೋಣಿ ತುರುಕಿ.

ಗೂಡಿನ ಗೋಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಸಂದುಗಳಲ್ಲಿ ಪುಡಿಯಾದದ್ದನ್ನು ಒಂದು ಇಂಚು ಆಳಕ್ಕೆ ಕೆರೆದು, ನೀರು ಚಿಮುಕಿಸಿ, 1 ಪಾಲು ಸಿಮೆಂಟ್, 1 ಪಾಲು ಸುಣ್ಣ, 6 ಪಾಲು ಹೊಯ್ಗೆಯ (ಮರಳಿನ) ಪಾಕ ತುಂಬಿ. ಬರೀ ಸಿಮೆಂಟಿನ ಗಟ್ಟಿ ಪಾಕ ಬೇಡ. ಕಲ್ಲು ಕುಡಿದ ನೀರಿಗೆ ಹೊರದಾರಿ ಸಿಗದೆ ಕಲ್ಲೇ ಉದುರತೊಡಗುತ್ತದೆ. ಎಣ್ಣೆ ಪೈಂಟ್ ಬಳಿದರೂ ಅದೇ ಗತಿ.

ನೆತ್ತಿಗೆ ಮಾತ್ರ ಕಾಂಕ್ರೀಟೇ ಆಗಬೇಕು: 1 ಸಿಮೆಂಟ್, 2 ಹೊಯ್ಗೆ, 4 ಸಣ್ಣ ಜಲ್ಲಿ, ನಡುವೆ ತಂತಿಬಲೆ. ಎರಡಡಿ ಚದರದ ಹೊಗೆಗೂಡಿಗೆ ಸುಮಾರು 10 ಕಿಲೋ ಸಿಮೆಂಟ್ ಸಾಕು. ಕಡಲ ಹೊಯ್ಗೆ ಬಳಸಬೇಡಿ, ಉಪ್ಪು ಬಲೆಯನ್ನು ತಿನ್ನುತ್ತದೆ. ಕೊಳವೆಯ ಬಳಿ 3 ಇಂಚು, ಅಂಚಿನಲ್ಲಿ 2 ಇಂಚು ದಪ್ಪವಿದ್ದರೆ ನೀರು ಹೊರಗೆ ಜಾರುತ್ತದೆ. ಅಂಚು ಸುತ್ತಲೂ ಗೋಡೆಯಿಂದ 2 ಇಂಚು ಹೊರಚಾಚಿರಲಿ.

ಹೊರಚಾಚಿದರಷ್ಟೇ ಸಾಲದು. ಹನಿ ಅಂಚಿನ ಅಡಿಗೆ ಅಂಟಿಕೊಂಡೇ ಗೋಡೆಯವರೆಗೆ ಹರಿದುಬಿಡುತ್ತದೆ. ಅದಕ್ಕೆ ಕಾಂಕ್ರೀಟು ಸುರಿಯುವ ಮೊದಲು, ಅಂಚಿನ ಅಡಿಗೆ ಕೊಟ್ಟ ಅಚ್ಚಿನ ಹಲಗೆಯ ಮೇಲೆ, ಹೊರ ಅಂಚಿನಿಂದ ಒಂದು ಇಂಚು ಒಳಗೆ, ಕಿರುಬೆರಳು ದಪ್ಪದ ಬಿದಿರುಕಡ್ಡಿಗೆ ಎಣ್ಣೆ ಸವರಿ ಮೊಳೆ ಹೊಡೆಯಿರಿ. ಹಲಗೆ ತೆಗೆದಾಗ ಅಡಿಯಲ್ಲಿ ಒಂದು ಗೀರು ಉಳಿಯುತ್ತದೆ. ನೀರು ಆ ಗೀರನ್ನು ದಾಟದೆ ಅಲ್ಲೇ ತೊಟ್ಟಿಕ್ಕುತ್ತದೆ. ಇಷ್ಟು ಸಣ್ಣ ಕೆಲಸವನ್ನು ಎಷ್ಟೋ ಕಡೆ ಬಿಟ್ಟೇ ಬಿಡುತ್ತಾರೆ.

ಕಾಂಕ್ರೀಟು ಕೊಳವೆಗೆ ತಾಗಬಾರದು. ಕಾದ ಕೊಳವೆ ಹಿಗ್ಗಿ ಅದನ್ನು ಸೀಳುತ್ತದೆ. ಕೊಳವೆಗೆ 10 ಮಿಲಿಮೀಟರ್ ಥರ್ಮೋಕೋಲ್ ಸುತ್ತಿ ಕಾಂಕ್ರೀಟ್ ಹಾಕಿ, ಗಟ್ಟಿಯಾದ ಮೇಲೆ ಥರ್ಮೋಕೋಲ್ ಕಿತ್ತು, ಆ ಸಂದಿಗೆ ಗಾಜಿನ ನಾರಿನ ಹಗ್ಗ ತುರುಕಿ, ಮೇಲೆ ಶಾಖ ತಡೆಯುವ ಸಿಲಿಕೋನ್ ತುಂಬಿ. ಹಗ್ಗ ತುರುಕುವ ಮೊದಲು ಕಾಂಕ್ರೀಟಿಗೆ 7 ದಿನ ಒದ್ದೆ ಗೋಣಿ ಹೊದಿಸಿಡಿ. ಅಷ್ಟು ದಿನ ಆ ಒಲೆಗೆ ಬೆಂಕಿ ಬೇಡ.

ಕೊನೆಗೆ ಕೊಳವೆಯ ಬಾಯಿಗೆ ತಗಡಿನ ಕೊಡೆ. ಅದು ಬಾಯಿಯಿಂದ ಕೊಳವೆಯ ಅಗಲದ ಅರ್ಧಕ್ಕಿಂತ ಕೆಳಗೆ ಕೂತರೆ ಹೊಗೆ ಅಡುಗೆಮನೆಗೇ ಮರಳುತ್ತದೆ. ಮಂಜೇಶ್ವರ, ಕುಂಬಳೆಯಂಥ ಕಡಲ ಬದಿಯ ಊರುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನದ್ದನ್ನೇ ಹಾಕಿಸಿ. ಒಲೆ ಹೊತ್ತಿಸುವ ಮೊದಲು ತುರುಕಿದ್ದ ಗೋಣಿಯನ್ನು ತೆಗೆಯಲು ಮರೆಯಬೇಡಿ.