ಸಾಲದಿಂದ ಹುಟ್ಟಿದ ಸಂಶೋಧನಾ ನಿಧಿ: ಸೇಶೆಲ್ಸ್ ದ್ವೀಪಗಳ ಕಥೆ

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನದೇ ಒಂದು ಫಜೀತಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕರಾವಳಿಯಲ್ಲಿ ಒಂದು ಸಣ್ಣ ಸಮೀಕ್ಷೆಗೆ ನನಗೆ ಅನುದಾನ ಸಿಕ್ಕಿತ್ತು. ದಿನಾ ಬೆಳಿಗ್ಗೆ ಮೀನುಗಾರರೊಬ್ಬರು ತಮ್ಮ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಸಂಜೆ ಅವರಿಗೆ ದುಡ್ಡು ಕೊಟ್ಟು, ನೋಟ್‌ಬುಕ್ ಹಾಳೆಯಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಕೊನೆಗೆ ಲೆಕ್ಕ ಒಪ್ಪಿಸಲು ಹೋದರೆ ಕಚೇರಿಯವರು ಕೇಳಿದ್ದು ಒಂದೇ ಮಾತು: "ದೋಣಿ ಬಾಡಿಗೆಗೆ ಜಿಎಸ್‌ಟಿ ಬಿಲ್ ಎಲ್ಲಿ ಸರ್?" ಗಾಳ ಹಾಕುವವರ ಹತ್ತಿರ ಜಿಎಸ್‌ಟಿ ನಂಬರ್ ಎಲ್ಲಿಂದ ಬರಬೇಕು? ಆ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ಅವತ್ತಿನಿಂದ ನನಗೊಂದು ಚಾಳಿ. ಯಾವ ದೇಶದ ಸಂಶೋಧನಾ ನಿಧಿಯ ಸುದ್ದಿ ಓದಿದರೂ, ಅದು ದೋಣಿಯವರ ತನಕ ತಲುಪುತ್ತದಾ ಅಂತ ಮೊದಲು ನೋಡುತ್ತೇನೆ. ಹಾಗೆ ನೋಡುತ್ತಾ ನನ್ನ ಕಣ್ಣಿಗೆ ಬಿದ್ದಿದ್ದು ಸೇಶೆಲ್ಸ್.

ಹಿಂದೂ ಮಹಾಸಾಗರದಲ್ಲಿ 115 ದ್ವೀಪಗಳ ದೇಶ ಅದು. ಜನ ಹೆಚ್ಚುಕಡಿಮೆ ಒಂದು ಲಕ್ಷ, ನಮ್ಮ ಸಣ್ಣ ತಾಲ್ಲೂಕಿನಷ್ಟು. ನೆಲವೆಲ್ಲ ಸೇರಿದರೂ 460 ಚದರ ಕಿಲೋಮೀಟರ್ ದಾಟುವುದಿಲ್ಲ. ಆದರೆ ಅವರ ಹಕ್ಕಿನ ಸಮುದ್ರ ಸುಮಾರು 13.5 ಲಕ್ಷ ಚದರ ಕಿಲೋಮೀಟರ್. ಅಂದರೆ ಏಳು ಕರ್ನಾಟಕ! ಇಷ್ಟು ನೀರನ್ನು ಅಷ್ಟು ಕಡಿಮೆ ಜನ ಅಧ್ಯಯನ ಮಾಡಬೇಕು. ದೇಶದಲ್ಲಿ ವಿಶ್ವವಿದ್ಯಾಲಯ ಬಂದಿದ್ದೇ 2009ರಲ್ಲಿ.

1998ರಲ್ಲಿ ಸಮುದ್ರದ ನೀರು ವಿಪರೀತ ಬಿಸಿಯಾಗಿ ಅಲ್ಲಿನ ಹವಳ ಬಿಳಿಚಿಕೊಂಡಿತು. ಕೆಲವು ಕಡೆ ನೂರಕ್ಕೆ ತೊಂಬತ್ತು ಪಾಲು ಸತ್ತೇಹೋಯಿತು. ಮುಂದೆ 2010ರಲ್ಲಿ ಕೂಸೇನ್ ಅನ್ನುವ ಪುಟ್ಟ ದ್ವೀಪದ ಸುತ್ತ ನೇಚರ್ ಸೇಶೆಲ್ಸ್ ಸಂಸ್ಥೆಯವರು ಹವಳದ ನರ್ಸರಿ ಶುರು ಮಾಡಿದರು. ಹವಳದ ಚೂರುಗಳನ್ನು ಹಗ್ಗಕ್ಕೆ ಸಿಕ್ಕಿಸಿ ನೀರಿನೊಳಗೆ ಸಾಲಾಗಿ ಕಟ್ಟುವುದು, ಬೆಳೆದ ಮೇಲೆ ಬಂಡೆಗೆ ಸಿಮೆಂಟಿನಲ್ಲಿ ಅಂಟಿಸುವುದು. ಥೇಟ್ ನಮ್ಮ ಅಡಿಕೆ ಸಸಿ ನಾಟಿಯ ಹಾಗೆ. ಆದರೆ ಹಗ್ಗದ ತುಂಬ ಪಾಚಿ ಬೆಳೆಯುತ್ತಿತ್ತು. ಮುಳುಗುಗಾರರು ಬ್ರಷ್ ಹಿಡಿದು ಗಂಟೆಗಟ್ಟಲೆ ತಿಕ್ಕಬೇಕು. ಆಮೇಲೆ ಒಂದು ಉಪಾಯ ಹೊಳೆಯಿತು: ನಾಟಿಗೆ ಮುಂಚೆ ಆ ಹಗ್ಗಗಳನ್ನು ಮೀನು ಜಾಸ್ತಿ ಇರುವ ಕಡೆ ಇಟ್ಟರೆ ಹೇಗೆ? ಇಟ್ಟರು. ಮೀನುಗಳು ಪಾಚಿಯನ್ನೆಲ್ಲ ತಿಂದು ಹಗ್ಗ ಚೊಕ್ಕ ಮಾಡಿದವು. ಕೂಲಿ ಇಲ್ಲ, ಬಿಲ್ಲೂ ಇಲ್ಲ. ಆವಿಷ್ಕಾರ ಅಂದರೆ ಯಂತ್ರವೇ ಆಗಬೇಕು ಅಂತೇನಿಲ್ಲ ಅಲ್ವಾ?

ಈ ಕೆಲಸಕ್ಕೆ ದುಡ್ಡು ಕೊಟ್ಟಿದ್ದು ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್. 2025ರಲ್ಲಿ ಅಮೆರಿಕ ಆ ಸಂಸ್ಥೆಗೇ ಬಾಗಿಲು ಹಾಕಿತು. ಇನ್ನೊಂದು ವಿಚಿತ್ರ ನೋಡಿ. ಸೇಶೆಲ್ಸ್‌ನ ತಲಾದಾಯ ಏರಿ, ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಅದು 'ಶ್ರೀಮಂತ' ದೇಶವಾಯಿತು. 2018ಕ್ಕೆ ಅಭಿವೃದ್ಧಿ ನೆರವು ಪಡೆಯುವ ದೇಶಗಳ ಪಟ್ಟಿಯಿಂದ ಹೆಸರೂ ಹೋಯಿತು. ಬಿಪಿಎಲ್ ಕಾರ್ಡ್ ರದ್ದಾಯಿತು ಅನ್ನಿ. ಕಡಲು ಮಾತ್ರ ಮೊದಲಿನಷ್ಟೇ ದೊಡ್ಡದು.

ಸಾಲವೂ ಇತ್ತು. 2008ರಲ್ಲಿ ಈ ದೇಶ 23 ಕೋಟಿ ಡಾಲರ್‌ನ ಬಾಂಡಿಗೆ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತ್ತು. ಆ ದಿನಗಳ ಹಳೇ ಹೊರೆಯಲ್ಲೇ ಅವರು ದಾರಿ ಹುಡುಕಿದ್ದು ನನಗೆ ತುಂಬ ಇಷ್ಟ.

ಊರಲ್ಲಿ ನಾಲ್ಕು ಜನರ ಹತ್ತಿರ ನಿಮ್ಮ ಸಾಲವಿದೆ ಅಂದುಕೊಳ್ಳಿ. ನೆಂಟರೊಬ್ಬರು ಬಂದು ಅದನ್ನು ಒಟ್ಟಿಗೆ ತೀರಿಸಿ, "ಇನ್ನು ಮೇಲೆ ಕಂತು ನಮಗೆ ಕಟ್ಟು, ಒಂದು ಪಾಲು ಮಕ್ಕಳ ಓದಿಗೆ ಎತ್ತಿಡು" ಅಂದರೆ? 2016ರಲ್ಲಿ ಆಗಿದ್ದು ಇದೇ. ನೇಚರ್ ಕನ್ಸರ್ವೆನ್ಸಿ ಅನ್ನುವ ಅಮೆರಿಕದ ಪರಿಸರ ಸಂಸ್ಥೆ 1.52 ಕೋಟಿ ಡಾಲರ್ ಸಾಲ, 50 ಲಕ್ಷ ಡಾಲರ್ ದಾನ ಸೇರಿಸಿ, ಸೇಶೆಲ್ಸ್‌ನ 2.16 ಕೋಟಿ ಡಾಲರ್ ವಿದೇಶಿ ಸಾಲ ಬಿಡಿಸಿತು. ಈಗ ಸರ್ಕಾರ ಕಂತು ಕಟ್ಟುವುದು ಸೇಕ್ಯಾಟ್ ಅನ್ನುವ, ಕಡಲ ಕೆಲಸಗಳಿಗೆ ಅನುದಾನ ಕೊಡುವ ಸ್ವದೇಶಿ ಟ್ರಸ್ಟಿಗೆ. ಒಂದು ಪಾಲನ್ನು ಡಾಲರ್ ಹುಡುಕದೆ ತಮ್ಮ ರೂಪಾಯಿಯಲ್ಲೇ, 20 ವರ್ಷಗಳಲ್ಲಿ ಕಟ್ಟಬಹುದು. (ಹೌದು, ಅಲ್ಲಿನ ದುಡ್ಡಿಗೂ ರೂಪಾಯಿ ಅಂತಲೇ ಹೆಸರು.) ಅನುದಾನ ಹೊರಡುವುದು ಈ ಪಾಲಿನಿಂದ.

'ಸಾಲ ಮನ್ನಾ' ಅಂತ ಕೆಲವರು ಬರೆಯುತ್ತಾರೆ. ಕೂಡಿಸಿ ನೋಡಿ, ನಿಜವಾಗಿ ಬಿಟ್ಟುಕೊಟ್ಟಿದ್ದು 14 ಲಕ್ಷ ಡಾಲರ್ ಮಾತ್ರ. ಮೇಲಾಗಿ ಷರತ್ತೂ ಇತ್ತು: ಸಮುದ್ರದ ಶೇ. 30 ಭಾಗ ಕಾಪಾಡಬೇಕು. 2020ರ ಮಾರ್ಚ್‌ನಲ್ಲಿ ಆ ಗುರಿ ಮುಟ್ಟಿದರು. ಹೊರಗಿನ ಸಂಸ್ಥೆಯೊಂದು ಒಂದು ದೇಶದ ಕಡಲ ನಕ್ಷೆಯ ಬಗ್ಗೆ ಷರತ್ತು ಹಾಕುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಕಂತು ಹೇಗೂ ಕಟ್ಟಲೇಬೇಕಿತ್ತಲ್ಲ. ಅದರಲ್ಲಿ ಸ್ವಲ್ಪ ಮನೆಯೊಳಗೇ ಉಳಿಯಿತು.

2018ರಲ್ಲಿ ಇನ್ನೊಂದು ಹೆಜ್ಜೆ. ಜಗತ್ತಿನ ಮೊದಲ ಸರ್ಕಾರಿ 'ನೀಲಿ ಬಾಂಡ್', ಅಂದರೆ ಕಡಲ ಕೆಲಸಕ್ಕೆಂದೇ ಸಾಲ ಎತ್ತುವ ಪತ್ರ, ಹೊರಡಿಸಿ 1.5 ಕೋಟಿ ಡಾಲರ್ ಎತ್ತಿದರು. ಬಡ್ಡಿ ಶೇ. 6.5 ಇದ್ದರೂ, ವಿಶ್ವಬ್ಯಾಂಕಿನ ಜಾಮೀನು ಮತ್ತು ಅಗ್ಗದ ಸಾಲ ಸೇರಿ ಸರ್ಕಾರದ ಮೇಲೆ ಬಿದ್ದ ಹೊರೆ ಶೇ. 2.83. ಇದರಲ್ಲಿ 1.2 ಕೋಟಿ ಡಾಲರ್ ಅಭಿವೃದ್ಧಿ ಬ್ಯಾಂಕಿನ ಮೂಲಕ ಸಾಲ ಕೊಡಲು, 30 ಲಕ್ಷ ಡಾಲರ್ ಸೇಕ್ಯಾಟ್ ಮೂಲಕ ಅನುದಾನಕ್ಕೆ.

ಈಗ ನನ್ನ ದೋಣಿಯ ವಿಷಯಕ್ಕೆ ಬರುತ್ತೇನೆ. ಸೇಕ್ಯಾಟ್ ಎರಡು ಅಳತೆಯ ಅನುದಾನ ಕೊಡುತ್ತಾ ಬಂದಿದೆ. ದೊಡ್ಡದು 10 ಲಕ್ಷ ಸೇಶೆಲ್ಸ್ ರೂಪಾಯಿಯ ತನಕ, ಸಣ್ಣದು 1 ಲಕ್ಷದ ತನಕ. ನಮ್ಮ ಲೆಕ್ಕದಲ್ಲಿ ಆ ಸಣ್ಣದು ಐದಾರು ಲಕ್ಷ. ದೊಡ್ಡ ಪ್ರಯೋಗಾಲಯಗಳು ಇದಕ್ಕೆ ತಲೆಯೆತ್ತಿಯೂ ನೋಡುವುದಿಲ್ಲ. ಅದೇ ಒಳ್ಳೆಯದಾಯಿತು ಅನ್ನುತ್ತೇನೆ ನಾನು. ಇಷ್ಟು ಸಣ್ಣ ಮೊತ್ತಕ್ಕೆ ಅರ್ಜಿ ಹಾಕುವ ಧೈರ್ಯ ಊರಿನ ಸಂಘಕ್ಕೂ ಬರುತ್ತದೆ.

ಬಂದಿದೆ ಕೂಡ. ಪ್ರಾಲಿನ್ ದ್ವೀಪದ ಮೀನುಗಾರರ ಸಂಘ ಮೊದಮೊದಲು ಅನುದಾನ ಪಡೆದವರಲ್ಲಿ ಒಂದು. ಎಲ್ಲಿ ಬಲೆ ಹಾಕಬಾರದು, ಎಷ್ಟು ಚಿಕ್ಕ ಮೀನನ್ನು ವಾಪಸ್ ಬಿಡಬೇಕು ಅಂತ ತಾವೇ ಕೂತು ನಿಯಮ ಮಾಡಿಕೊಳ್ಳುವ ಯೋಜನೆ ಅವರದ್ದು. ಅಂಥ ಕೆಲಸದಲ್ಲಿ ವಿಜ್ಞಾನಿಗಳನ್ನು ದೋಣಿಗೆ ಹತ್ತಿಸಿಕೊಳ್ಳುವುದು ಮೀನುಗಾರರು. ಅರ್ಜಿಯೂ ಅವರದ್ದೇ, ದೋಣಿಯೂ ಅವರದ್ದೇ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ. ಜಿಎಸ್‌ಟಿ ಬಗ್ಗೆ ಮಾತ್ರ ಬೇಡ.